ಯೋಜನೆ: ನೊಗ, ದಾರಿ, ಲೆಕ್ಕ

ಹನುಮಂತ ಹಾರಿದ ಕಡಲಿನ ಅಗಲ ನೂರು ಯೋಜನ. ಸತ್ಯವತಿಯ ಮೈಗಂಧ ಒಂದು ಯೋಜನ ದೂರಕ್ಕೂ ಹರಡುತ್ತಿತ್ತಂತೆ, ಅದಕ್ಕೇ ಅವಳು ಯೋಜನಗಂಧಿ. ಗಮಕ ಕೇಳಿ, ಯಕ್ಷಗಾನ ನೋಡಿ ಬೆಳೆದವರಿಗೆ ‘ಯೋಜನ’ ಎಂದರೆ ದೂರದ ಅಳತೆ. ಅವರೇ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಓದುವ ‘ಯೋಜನೆ’ ಬೇರೆ. ನೀರಾವರಿ ಯೋಜನೆ, ವಸತಿ ಯೋಜನೆ, ಪಂಚವಾರ್ಷಿಕ ಯೋಜನೆ ಎನ್ನುವಾಗ ಅದು ಸರ್ಕಾರ ಹಮ್ಮಿಕೊಂಡ ಕೆಲಸ. ಹಾದಿಯನ್ನು ಅಳೆಯುತ್ತಿದ್ದ ಮಾತು ರಾಜ್ಯಗಳ ಭವಿಷ್ಯವನ್ನು ಬರೆಯುವ ಮಾತಾದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಹೊರಟರೆ ಮಾಸ್ಕೋ, ವಾಷಿಂಗ್ಟನ್, ಬೀಜಿಂಗ್‌ಗಳನ್ನು ಸುತ್ತಿ ಬರಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ದೊಡ್ಡ ಪೈಪೋಟಿ ಬಹುಮಟ್ಟಿಗೆ ಈ ಒಂದು ಪದದ ಸುತ್ತಲೇ ನಡೆಯಿತು.

ಸಂಸ್ಕೃತದ ‘ಯುಜ್’ ಧಾತುವಿಗೆ ಜೋಡಿಸು, ಕಟ್ಟು, ಹೂಡು ಎಂಬ ಅರ್ಥಗಳಿವೆ. ಯೋಗ, ಉದ್ಯೋಗ, ಪ್ರಯೋಗ, ವಿನಿಯೋಗ, ಪ್ರಯೋಜನ, ಆಯೋಗ ಎಲ್ಲವೂ ಇದೇ ಬೇರಿನ ಚಿಗುರುಗಳು. ಗಾಡಿಗೆ ಹೂಡಿದ ಪ್ರಾಣಿಗಳನ್ನು ಬಿಚ್ಚದೆ ಒಂದೇ ಸಲಕ್ಕೆ ಸಾಗಬಹುದಾದ ದೂರ ಒಂದು ಯೋಜನ. ಎತ್ತಿನ ಶಕ್ತಿಗೆ ತಕ್ಕಂತೆ ಹುಟ್ಟಿದ ಅಳತೆಯಾದ್ದರಿಂದ ಅದು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ಗೋರುತ ಸೇರಿದರೆ ಒಂದು ಯೋಜನ. ಆರ್ಯಭಟ ಎಂಟು ಸಾವಿರ ಆಳೆತ್ತರವನ್ನು ಒಂದು ಯೋಜನವೆಂದು ಹಿಡಿದು, ಭೂಮಿಯ ವ್ಯಾಸ 1,050 ಯೋಜನ ಎಂದ.

ಕನ್ನಡದ್ದೇ ಆದ ‘ಹೂಡು’ ಕ್ರಿಯಾಪದವೂ ಹೆಚ್ಚುಕಡಿಮೆ ಇದೇ ಹಾದಿ ತುಳಿದಿದೆ. ಎತ್ತು ಹೂಡುತ್ತೇವೆ, ಬಾಣ ಹೂಡುತ್ತೇವೆ, ತಂತ್ರ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ. ಇಂದು ಅರ್ಥಶಾಸ್ತ್ರದ ಪಾಠದಲ್ಲಿ ಬರುವ ‘ಹೂಡಿಕೆ’ ಹೊಲದಿಂದಲೇ ಪೇಟೆಗೆ ಬಂದ ಮಾತು. ದುಡಿಮೆಯನ್ನು ಒಂದು ಗುರಿಗೆ ಕಟ್ಟುವ ಕೆಲಸವನ್ನು ನಮ್ಮ ಹಿರಿಯರು ಎತ್ತು, ನೊಗ, ನೇಗಿಲಿನ ಮೂಲಕವೇ ಗ್ರಹಿಸಿದ್ದರು.

‘ಯುಜ್’ ಬೇರಿನ ನೆಂಟರು ಭಾರತದಾಚೆಗೂ ಹಬ್ಬಿದ್ದಾರೆ. ಇಂಗ್ಲಿಷಿನ ‘ಯೋಕ್’, ಲ್ಯಾಟಿನ್ನಿನ ‘ಯೂಗುಮ್’, ರಷ್ಯನ್ನಿನ ‘ಈಗೊ’ ಮೂರೂ ನೊಗ ಎಂಬ ಅರ್ಥದ ಸೋದರ ಪದಗಳು. ರಷ್ಯನ್ನಿನಲ್ಲಿ ಈ ಮಾತಿಗೆ ಕಹಿ ಅಂಟಿಕೊಂಡಿದೆ. ಹದಿಮೂರನೆಯ ಶತಮಾನದಿಂದ ಎರಡು ನೂರು ವರ್ಷಕ್ಕೂ ಮಿಕ್ಕಿ ತಮ್ಮ ನೆಲದ ಮೇಲಿದ್ದ ಮಂಗೋಲರ ಅಧಿಕಾರವನ್ನು ಅವರು ‘ಈಗೊ’ ಎಂದೇ ಕರೆಯುತ್ತಾರೆ. ಚೀನಾಕ್ಕೆ ಹೋದದ್ದು ಬೇರಲ್ಲ, ‘ಯೋಜನ’ ಎಂಬ ಪದವೇ. ಬೌದ್ಧ ಗ್ರಂಥಗಳ ಜೊತೆ ಅಲ್ಲಿಗೆ ತಲುಪಿ ‘ಯೋಶ್ಯುನ್’ ಎಂಬ ರೂಪ ತಾಳಿತು. ಏಳನೆಯ ಶತಮಾನದಲ್ಲಿ ಭಾರತ ಸುತ್ತಿದ ಹ್ಯುಯೆನ್‌ತ್ಸಾಂಗ್, ಯೋಜನವೆಂದರೆ ಅರಸನ ಸೇನೆ ಒಂದು ದಿನದಲ್ಲಿ ನಡೆಯುವ ದೂರ ಎಂದು ತನ್ನ ನಾಡಿನವರಿಗೆ ವಿವರಿಸಿದ. ಥಾಯ್ಲೆಂಡಿನಲ್ಲಿ ಅದು ‘ಯೋತ್’ ಆಗಿ, ಕೊನೆಗೆ ಹದಿನಾರು ಕಿಲೋಮೀಟರಿಗೆ ನಿಗದಿಯಾಯಿತು. ತಮಿಳಿನ ‘ಯೋಸನೈ’ಯಲ್ಲಿ ದೂರ, ಆಲೋಚನೆ ಎರಡೂ ಅರ್ಥಗಳಿವೆ.

ಸಂಸ್ಕೃತದಲ್ಲಿ ‘ಯೋಜನಾ’ ಎಂದರೆ ಜೋಡಣೆ. ಚದುರಿದ್ದನ್ನು ಕ್ರಮಕ್ಕೆ ತರುವುದು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ‘ಪ್ಲ್ಯಾನ್’ ನಮ್ಮಲ್ಲಿಗೆ ಬಂದಾಗ ಅದಕ್ಕೆ ಸಿಕ್ಕಿದ್ದು ಇದೇ ಮಾತು. ‘ಪ್ಲ್ಯಾನ್’ ಪದದ ಹುಟ್ಟು ಬೇರೆ. ಅದು ಸಮತಟ್ಟು ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ಸೇರಿದ್ದು, ಕಟ್ಟಡವನ್ನು ಕಾಗದದ ಮೇಲೆ ಚಪ್ಪಟೆಯಾಗಿ ಬರೆದ ನಕ್ಷೆ. ಯೂರೋಪಿನ ಮಾತಿನಲ್ಲಿ ಮೇಲಿನಿಂದ ನೋಡುವ ಕಣ್ಣಿದೆ, ನಮ್ಮ ಮಾತಿನಲ್ಲಿ ನೆಲದ ಮೇಲೆ ಎಳೆಯುವ ಹೆಗಲಿದೆ. ರಾಜ್ಯವೊಂದು ಯೋಜನೆ ಹಾಕಿದಾಗಲೆಲ್ಲ ಈ ಎರಡೂ ಕೂಡಿಯೇ ಇರುತ್ತವೆ.

ನಕ್ಷೆಯನ್ನು ಇಡೀ ದೇಶದ ಅಳತೆಗೆ ಮೊದಲು ಹಿಗ್ಗಿಸಿದ್ದು ಸೋವಿಯತ್ ರಷ್ಯ. 1920ರಲ್ಲಿ ಲೆನಿನ್ನನ ಬೆಂಬಲದಿಂದ ‘ಗೊಯೆಲ್ರೊ’ ಎಂಬ ವಿದ್ಯುದೀಕರಣದ ಯೋಜನೆ ಸಿದ್ಧವಾಯಿತು. ಹತ್ತು ಹದಿನೈದು ವರ್ಷಗಳಲ್ಲಿ ಮೂವತ್ತು ವಿದ್ಯುತ್ ಸ್ಥಾವರಗಳನ್ನು ಕಟ್ಟುವ ಗುರಿ ಅದರದ್ದು. 1921ರ ಫೆಬ್ರವರಿಯಲ್ಲಿ ‘ಗೊಸ್‌ಪ್ಲಾನ್’ ಎಂಬ ರಾಜ್ಯ ಯೋಜನಾ ಸಮಿತಿ ಹುಟ್ಟಿತು. 1928ರ ಅಕ್ಟೋಬರಿನಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ರಷ್ಯನ್ನರು ಅದನ್ನು ‘ಪ್ಯಾತಿಲೆತ್ಕ’ ಎಂದರು. ನಮ್ಮ ‘ಪಂಚವಾರ್ಷಿಕ’ ಅದರ ಕನ್ನಡ ರೂಪ.

ಆ ಯೋಜನೆಯ ಕಾರ್ಖಾನೆಗಳಲ್ಲಿ ಎದುರಾಳಿ ದೇಶದ ಪಾತ್ರ ದೊಡ್ಡದು. ಮ್ಯಾಗ್ನಿತೊಗೊರ್ಸ್ಕ್ ಉಕ್ಕಿನ ನಗರಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಗ್ಯಾರಿ ಮಾದರಿಯಾಗಿತ್ತು. ಸ್ಟಾಲಿನ್‌ಗ್ರಾಡಿನ ಟ್ರ್ಯಾಕ್ಟರ್ ಕಾರ್ಖಾನೆಯ ನಕ್ಷೆ ಡೆಟ್ರಾಯಿಟಿನ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅವರ ಸಂಸ್ಥೆಯದು. ದ್ನೀಪರ್ ಅಣೆಕಟ್ಟಿಗೆ ಸಲಹೆ ಕೊಟ್ಟವರು ಅಮೆರಿಕದ ಎಂಜಿನಿಯರ್ ಹ್ಯೂ ಕೂಪರ್. ನಿಜ್ನಿ ನೊವ್‌ಗೊರೊದ್‌ನ ಮೋಟಾರು ಕಾರ್ಖಾನೆಗೆ 1929ರಲ್ಲಿ ಫೋರ್ಡ್ ಕಂಪನಿಯೊಡನೆ ಒಪ್ಪಂದವಾಯಿತು. ಅತ್ತ ಅಮೆರಿಕದಲ್ಲಿ ಆರ್ಥಿಕ ಕುಸಿತದಿಂದ 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ಕಾಲುಭಾಗ ನಿರುದ್ಯೋಗಿಗಳಾಗಿದ್ದರು. ಇತ್ತ ರಷ್ಯದ ಕುಲುಮೆಗಳು ಹೊತ್ತಿ ಉರಿಯುತ್ತಿದ್ದವು. ಜಗತ್ತಿನ ಕಣ್ಣು ಮಾಸ್ಕೋದತ್ತ ಹೊರಳಿದ್ದು ಸಹಜ.

ಆದರೆ ಆ ಕುಲುಮೆಗಳಿಗೆ ಬೇಕಾದ ಯಂತ್ರಗಳನ್ನು ಕೊಳ್ಳಲು ಧಾನ್ಯ ರಫ್ತಾಗಬೇಕಿತ್ತು. ರೈತರ ಹೊಲಗಳನ್ನು ಬಲವಂತವಾಗಿ ಸಾಮೂಹಿಕ ಕೃಷಿಗೆ ಸೇರಿಸಲಾಯಿತು, ಮನೆಯ ಕಣಜಗಳನ್ನು ಬರಿದು ಮಾಡಲಾಯಿತು. 1932-33ರ ಬರಗಾಲದಲ್ಲಿ ಉಕ್ರೇನ್, ಕಝಾಕಿಸ್ತಾನ್ ಮತ್ತು ರಷ್ಯದ ಧಾನ್ಯ ಬೆಳೆಯುವ ಸೀಮೆಗಳಲ್ಲಿ ಲಕ್ಷೋಪಲಕ್ಷ ಜನ ಹಸಿವಿನಿಂದ ಸತ್ತರು. ದೇಶದ ಜನಸಂಖ್ಯೆ 16.8 ಕೋಟಿ ಮುಟ್ಟಿದೆ ಎಂದು 1934ರಲ್ಲಿ ಸ್ಟಾಲಿನ್ ಸಾರಿದ್ದ. 1937ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 16.2 ಕೋಟಿ. ಸತ್ತವರ ಗುಟ್ಟನ್ನು ಲೆಕ್ಕ ಬಿಟ್ಟುಕೊಟ್ಟಿತ್ತು. ಗಣತಿಯನ್ನೇ ರದ್ದು ಮಾಡಿ, ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಿದರು, ಕೆಲವರನ್ನು ಗುಂಡಿಟ್ಟು ಕೊಂದರು. ಯೋಜನೆ ಎಂಬ ಪದದ ಬಾಳಿನ ಕರಾಳ ದಿನಗಳಲ್ಲಿ ಇದೊಂದು. ಯೋಜನೆಗೆ ಲೆಕ್ಕವೇ ಕಣ್ಣು. ಆ ಕಣ್ಣನ್ನು ಯೋಜನೆಯ ಒಡೆಯರೇ ಕಿತ್ತರು.

ಆಮೇಲೆ ನಡೆದದ್ದೆಲ್ಲ ಅದರ ಫಲ. ಮೇಲಿನಿಂದ ಬಂದ ಗುರಿಯನ್ನು ಮುಟ್ಟಿದ್ದೇವೆಂದು ತೋರಿಸಲು ಕೆಳಗಿನವರು ಅಂಕಿಗಳನ್ನು ಉಬ್ಬಿಸುತ್ತಿದ್ದರು. ಇದಕ್ಕೆ ‘ಪ್ರಿಪೀಸ್ಕಿ’ ಎಂಬ ಹೆಸರೇ ಇತ್ತು, ಸೇರಿಸಿ ಬರೆದದ್ದು ಎಂದು ಅರ್ಥ. ದೀಪದ ಗೊಂಚಲುಗಳ ಗುರಿಯನ್ನು ಟನ್ನುಗಳಲ್ಲಿ ಕೊಟ್ಟಿದ್ದರಿಂದ ಕಾರ್ಖಾನೆಗಳು ಅವನ್ನು ಭಾರವಾಗಿಯೇ ಮಾಡುತ್ತಿವೆ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಸ್ವತಃ ದೂರಿದ. 1980ರ ದಶಕದಲ್ಲಿ ಉಜ್ಬೇಕಿಸ್ತಾನದ ಹತ್ತಿಯ ಹಗರಣ ಹೊರಬಿತ್ತು. ಬೆಳೆಯದ ಹತ್ತಿ ವರ್ಷಗಟ್ಟಲೆ ಕಡತಗಳಲ್ಲಿ ಬೆಳೆದಿತ್ತು, ಅದರ ಹಣವೂ ಸಂದಾಯವಾಗಿತ್ತು. 1961ರಲ್ಲಿ ಸೋವಿಯತ್ ಪಕ್ಷ 1970ರೊಳಗೆ ತಲಾ ಉತ್ಪಾದನೆಯಲ್ಲಿ ಅಮೆರಿಕವನ್ನು ಹಿಂದಿಕ್ಕುವುದಾಗಿ ಘೋಷಿಸಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಅವರ ಹೆಸರಾಂತ ಪಠ್ಯಪುಸ್ತಕವೂ ಸೋವಿಯತ್ ಆರ್ಥಿಕತೆ ಮುಂದೊಂದು ದಿನ ಅಮೆರಿಕವನ್ನು ಮೀರಬಹುದೆಂದು ಎಣಿಸಿತ್ತು. ಆ ದಿನ ಬರಲಿಲ್ಲ. ಹದಿಮೂರನೆಯ ಪಂಚವಾರ್ಷಿಕ ಯೋಜನೆ ಶುರುವಾಗಬೇಕಿದ್ದ ವರ್ಷದಲ್ಲೇ, 1991ರಲ್ಲಿ, ದೇಶವೇ ಇಲ್ಲವಾಯಿತು.

ಅಮೆರಿಕದ ಕಥೆ ಇದಕ್ಕೆ ಎದುರಿನದು. ಅಲ್ಲಿ ‘ಪ್ಲ್ಯಾನ್’ ಮಾತಿಗೆ ಮನೆಯೊಳಗೆ ಮರ್ಯಾದೆಯಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ಸ್ಥಾಪಿಸಿದ ಯೋಜನಾ ಮಂಡಳಿಯನ್ನು ಸಂಸತ್ತು 1943ರಲ್ಲಿ ಅನುದಾನ ನಿಲ್ಲಿಸಿ ಮುಚ್ಚಿತು. ಅದರ ಮರುವರ್ಷವೇ ಅರ್ಥಶಾಸ್ತ್ರಜ್ಞ ಹಾಯೆಕ್, ಕೇಂದ್ರೀಯ ಯೋಜನೆ ಮನುಷ್ಯನನ್ನು ಗುಲಾಮಗಿರಿಯತ್ತ ಒಯ್ಯುತ್ತದೆ ಎಂದು ವಾದಿಸುವ ಪುಸ್ತಕ ಹೊರತಂದರು. ಆದರೆ ಅದೇ ಯುದ್ಧಕಾಲದಲ್ಲಿ ಸರ್ಕಾರದ ಆಜ್ಞೆಯಿಂದ 1942ರ ಫೆಬ್ರವರಿಯಲ್ಲಿ ಜನಬಳಕೆಯ ಕಾರುಗಳ ತಯಾರಿಕೆ ನಿಂತು, ಕಾರ್ಖಾನೆಗಳು ವಿಮಾನ, ಟ್ಯಾಂಕುಗಳತ್ತ ತಿರುಗಿದ್ದವು. ಯುದ್ಧ ಮುಗಿದ ಮೇಲೆ ಯೂರೋಪಿನ ಹದಿನಾರು ದೇಶಗಳಿಗೆ ಸುಮಾರು 1,300 ಕೋಟಿ ಡಾಲರ್ ನೆರವು ಹರಿಯಿತು. ಅದಕ್ಕೆ ಬಂದ ಹೆಸರು ‘ಮಾರ್ಷಲ್ ಪ್ಲ್ಯಾನ್’. ಒಳಗೆ ಬೇಡವಾದ ಪದ ಹೊರಗೆ ಅಮೆರಿಕದ ಔದಾರ್ಯದ ಹೆಸರಾಯಿತು. 1956ರಲ್ಲಿ 41,000 ಮೈಲಿ ಹೆದ್ದಾರಿಗೆ ಕಾನೂನಾಯಿತು. ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ರಕ್ಷಣಾ ಇಲಾಖೆಯಲ್ಲಿ ಸಂಶೋಧನೆಗೆಂದೇ ಹೊಸ ಸಂಸ್ಥೆ ಹುಟ್ಟಿತು. ಇಂದಿನ ಅಂತರ್ಜಾಲದ ಮೂಲ ಜಾಲ ಅದರ ಹಣದಿಂದ ಆದದ್ದು. 2022ರಲ್ಲಿ ಚಿಪ್ ಉದ್ಯಮಕ್ಕೆ 5,200 ಕೋಟಿ ಡಾಲರಿಗೂ ಮಿಕ್ಕಿದ ನೆರವನ್ನು ಅದೇ ಸಂಸತ್ತು ಒಪ್ಪಿತು, ಎದುರಿಗೆ ಚೀನಾ ಇತ್ತು.

ಹೆಸರು ಏನೇ ಇರಲಿ, ಲೆಕ್ಕದ ವಿದ್ಯೆ ಎರಡೂ ಕಡೆ ಒಂದೇ ನೆಲದಿಂದ ಬಂತು. ರಾಷ್ಟ್ರೀಯ ವರಮಾನವನ್ನು ಅಳೆಯುವ ಕ್ರಮವನ್ನು 1934ರಲ್ಲಿ ಅಮೆರಿಕದ ಸೆನೆಟ್ಟಿನ ಮುಂದಿಟ್ಟ ಸೈಮನ್ ಕುಜ್ನೆಟ್ಸ್ ಹುಟ್ಟಿದ್ದು ರಷ್ಯನ್ ಸಾಮ್ರಾಜ್ಯದ ಪಿನ್ಸ್ಕ್‌ನಲ್ಲಿ. ಇಂದಿನ ಜಿಡಿಪಿಯ ಮೂಲ ಆ ವರದಿಯಲ್ಲಿದೆ. ವರಮಾನದ ಮೊತ್ತದಿಂದ ಜನರ ಕ್ಷೇಮವನ್ನು ನಿರ್ಣಯಿಸಲಾಗದು ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಒಂದು ಉದ್ಯಮದ ಉತ್ಪನ್ನ ಇನ್ನೊಂದಕ್ಕೆ ಕಚ್ಚಾವಸ್ತುವಾಗುವುದನ್ನು ಕೋಷ್ಟಕದಲ್ಲಿ ಕಟ್ಟಿದ ವಸಿಲಿ ಲಿಯೊಂಟಿಯೆಫ್ ಬೆಳೆದದ್ದು ಪೀಟರ್ಸ್‌ಬರ್ಗಿನಲ್ಲಿ, ಕೆಲಸ ಮಾಡಿದ್ದು ಹಾರ್ವರ್ಡಿನಲ್ಲಿ. ಇರುವ ಸಂಪನ್ಮೂಲವನ್ನು ಅತ್ಯುತ್ತಮವಾಗಿ ಹಂಚುವ ಗಣಿತವನ್ನು ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಲೆನಿನ್‌ಗ್ರಾಡಿನಲ್ಲಿ ಬರೆದಿದ್ದರು. 1975ರ ನೊಬೆಲ್ ಪುರಸ್ಕಾರವನ್ನು ಅವರು ಅಮೆರಿಕದಲ್ಲಿದ್ದ ಟ್ಯಾಲಿಂಗ್ ಕೂಪ್‌ಮನ್ಸ್ ಅವರೊಡನೆ ಹಂಚಿಕೊಂಡರು. ಸೋವಿಯತ್ ಒಕ್ಕೂಟಕ್ಕೆ ಗಣಿತಜ್ಞರ ಕೊರತೆ ಇರಲಿಲ್ಲ. ಆ ಗಣಿತಕ್ಕೆ ಉಣಿಸಲು ಸುಳ್ಳಿಲ್ಲದ ಅಂಕಿ ಅವರಲ್ಲಿರಲಿಲ್ಲ.

ಚೀನಾ ತನ್ನ ಮೊದಲ ಪಂಚವಾರ್ಷಿಕ ಯೋಜನೆಯನ್ನು 1953ರಲ್ಲಿ ಸೋವಿಯತ್ ನೆರವಿನ 156 ಕಾಮಗಾರಿಗಳೊಂದಿಗೆ ಆರಂಭಿಸಿತು. ಚೀನೀ ಭಾಷೆಯಲ್ಲಿ ಯೋಜನೆಗೆ ‘ಜೀಹ್ವಾ’ ಎನ್ನುತ್ತಾರೆ. ಎಣಿಸು, ಗೆರೆ ಎಳೆ ಎಂಬ ಎರಡು ಅಕ್ಷರಗಳ ಕೂಟ ಅದು. 1958ರ ‘ಮಹಾ ಮುನ್ನೆಗೆತ’ ಎಂಬ ಉತ್ಪಾದನೆಯ ಅಭಿಯಾನದಲ್ಲಿ ಗೆರೆ ಉಳಿಯಿತು, ಎಣಿಕೆ ಸತ್ತಿತು. ಸಾಮೂಹಿಕ ಕೃಷಿಯ ಕಮ್ಯೂನುಗಳು ಪೈಪೋಟಿಯ ಮೇಲೆ ಇಳುವರಿಯ ಸುಳ್ಳು ವರದಿ ಕಳಿಸಿದವು. ಆ ವರ್ಷದ ಧಾನ್ಯ 37.5 ಕೋಟಿ ಟನ್ ಎಂದು ಸಾರಲಾಯಿತು, ಬೆಳೆದದ್ದು ಸುಮಾರು 20 ಕೋಟಿ ಟನ್. ಇಲ್ಲದ ಬೆಳೆಯ ಆಧಾರದ ಮೇಲೆ ಸರ್ಕಾರ ಧಾನ್ಯ ವಸೂಲಿ ಮಾಡಿತು. ಹಳ್ಳಿಗಳ ಪಾಡನ್ನು ಕಂಡ ರಕ್ಷಣಾ ಸಚಿವ ಪೆಂಗ್ ದೆಹ್ವಾಯ್ 1959ರಲ್ಲಿ ಮಾವೋಗೆ ಪತ್ರ ಬರೆದರು. ಅವರು ಹುದ್ದೆ ಕಳೆದುಕೊಂಡರು, ಬರಗಾಲ ಇನ್ನೂ ಎರಡು ವರ್ಷ ಮುಂದುವರಿಯಿತು. ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡಿದ್ದಾರೆ.

ಅದೇ ಚೀನಾ ಎರಡು ದಶಕಗಳ ನಂತರ ಕೆಳಗಿನ ದನಿಯನ್ನು ಕೇಳಿಸಿಕೊಂಡಿತು. 1978ರ ಕೊನೆಯಲ್ಲಿ ಆನ್ಹುಯ್ ಪ್ರಾಂತದ ಶಾವ್‌ಗಾಂಗ್ ಹಳ್ಳಿಯ ಹದಿನೆಂಟು ಮನೆಗಳವರು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಕಮ್ಯೂನಿನ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದನ್ನು ಇಟ್ಟುಕೊಳ್ಳುವುದು ಒಪ್ಪಂದ. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕು ಎಂದೂ ಬರೆದುಕೊಂಡರು. ಯಾರೂ ಜೈಲಿಗೆ ಹೋಗಲಿಲ್ಲ. ಆ ಪದ್ಧತಿಯೇ ಕೆಲವು ವರ್ಷಗಳಲ್ಲಿ ದೇಶದ ನೀತಿಯಾಯಿತು. 1992ರಲ್ಲಿ ಚೀನಾದ ಹಿರಿಯ ನಾಯಕ ದೆಂಗ್ ಶಿಯಾವೋಪಿಂಗ್, ಯೋಜನೆ ಇದ್ದ ಮಾತ್ರಕ್ಕೆ ಸಮಾಜವಾದವಲ್ಲ, ಬಂಡವಾಳಶಾಹಿಯಲ್ಲೂ ಯೋಜನೆ ಇರುತ್ತದೆ, ಎರಡೂ ಬರಿಯ ಸಾಧನಗಳು ಎಂಬ ಅರ್ಥದ ಮಾತಾಡಿದರು. 2003ರಲ್ಲಿ ಯೋಜನಾ ಆಯೋಗದ ಹೆಸರಿನಿಂದ ‘ಜೀಹ್ವಾ’ ಮರೆಯಾಯಿತು. 2006ರ ಹನ್ನೊಂದನೆಯ ಪಂಚವಾರ್ಷಿಕದಿಂದ ದಸ್ತಾವೇಜಿನ ಹೆಸರಿನಲ್ಲೇ ‘ಜೀಹ್ವಾ’ ಹೋಗಿ ‘ಗ್ವೇಹ್ವಾ’ ಬಂತು. ಆಜ್ಞೆಯ ಛಾಯೆ ಕಳೆದು ದಿಕ್ಕು ತೋರಿಸುವ ಅರ್ಥ ಮುಂದಾಯಿತು. ಮುಟ್ಟಲೇಬೇಕಾದ ಗುರಿಗಳನ್ನೂ ನಿರೀಕ್ಷೆಯ ಗುರಿಗಳನ್ನೂ ಬೇರೆ ಮಾಡಲಾಯಿತು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಚೀನೀಯರು ಕಡುಬಡತನದಿಂದ ಹೊರಬಂದರು. ಮನುಷ್ಯಕುಲದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಆದದ್ದಿಲ್ಲ, ಅದನ್ನು ಮನಸಾರೆ ಒಪ್ಪಬೇಕು.

ನಮ್ಮಲ್ಲಿ ಈ ಪದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸೇರಿತು. ಗೊಸ್‌ಪ್ಲಾನ್ ಹುಟ್ಟಲು ಇನ್ನೂ ಹತ್ತು ವರ್ಷ ಬಾಕಿಯಿತ್ತು. 1934ರಲ್ಲಿ ಭಾರತಕ್ಕೆ ಹತ್ತು ವರ್ಷಗಳ ಯೋಜಿತ ಆರ್ಥಿಕತೆಯನ್ನು ಸೂಚಿಸುವ ಅವರ ಪುಸ್ತಕ ಬೆಂಗಳೂರಿನಿಂದ ಹೊರಬಂತು. 1938ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿ, 1950ರ ಮಾರ್ಚಿನಲ್ಲಿ ಯೋಜನಾ ಆಯೋಗ, 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಬಂದವು. ‘ಯೋಜನಾ ಆಯೋಗ’ದ ಎರಡು ಪದಗಳೂ ಒಂದೇ ಯುಜ್ ಧಾತುವಿನವು. 2015ರ ಜನವರಿ 1ರಂದು ನೀತಿ ಆಯೋಗ ಬಂದಾಗ ಅವುಗಳಲ್ಲಿ ಒಂದು ಹೋಯಿತು, ಒಂದು ಉಳಿಯಿತು.

ಚೀನಾ, ಭಾರತ ಎರಡನ್ನೂ ಒಟ್ಟಿಗೆ ತೂಗಿ ನೋಡಲು ಒಂದು ಪದಪುಂಜ ಸಾಕು. ನಮ್ಮದು ‘ಕುಟುಂಬ ಯೋಜನೆ’, ಅವರದು ‘ಜೀಹ್ವಾ ಶೆಂಗ್ಯು’, ಅಂದರೆ ಯೋಜಿತ ಜನನ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿಸಿತು. ತುರ್ತುಪರಿಸ್ಥಿತಿಯಲ್ಲಿ ಅದು ಬಲಾತ್ಕಾರಕ್ಕೆ ಇಳಿಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. 1977ರ ಮಾರ್ಚಿನಲ್ಲಿ ಮತದಾರರು ಆ ಸರ್ಕಾರವನ್ನೇ ಇಳಿಸಿದರು. ಮುಂದೆ ಯಾವ ಸರ್ಕಾರವೂ ಆ ಹಾದಿಗೆ ಮರಳುವ ಧೈರ್ಯ ಮಾಡಲಿಲ್ಲ. ಚೀನಾದಲ್ಲಿ ಒಂದೇ ಮಗುವಿನ ನೀತಿ 2015ರ ಕೊನೆಯವರೆಗೆ, ಸುಮಾರು ಮೂರೂವರೆ ದಶಕ ನಡೆಯಿತು. ತಪ್ಪು ಎರಡೂ ಕಡೆ ಆಯಿತು. ನೊಗ ಕುತ್ತಿಗೆ ಕೊಯ್ಯುತ್ತಿದೆ ಎಂದು ಹೇಳಲು ಒಂದು ಕಡೆ ಮತಪೆಟ್ಟಿಗೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಸ್ವತಂತ್ರ ಪತ್ರಿಕೆ, ಚುನಾವಣೆಗಳಿರುವ ದೇಶದಲ್ಲಿ ದೊಡ್ಡ ಬರಗಾಲ ಸಂಭವಿಸುವುದಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದು ಇದೇ ತಿಳಿವಿನಿಂದ.

ಹಾಗೆಂದು ನಾವು ಬೀಗುವಂತಿಲ್ಲ. ಮತಪೆಟ್ಟಿಗೆ ಹಸಿವಿನ ಸಾವನ್ನು ತಡೆಯಿತು, ದಿನನಿತ್ಯದ ಅಪೌಷ್ಟಿಕತೆಯನ್ನು, ಶಾಲೆಯಿಲ್ಲದ ಬಾಲ್ಯವನ್ನು ತಡೆಯಲಿಲ್ಲ. ಶಿಕ್ಷಣ, ಆರೋಗ್ಯಗಳಲ್ಲಿ ಚೀನಾ ನಮಗಿಂತ ಬಹಳ ಮೊದಲೇ ಮುಂದೆ ಹೋಯಿತು. ಯೋಜನೆಯ ಹಳೆಯ ಅರ್ಥ ಸಾಗಿದ ದೂರ. ಅದರಲ್ಲಿ ಅವರು ನಮ್ಮನ್ನು ಹಿಂದಿಕ್ಕಿದ್ದು ನಿಜ.

ಆದರೆ ದೂರವನ್ನು ಅಳೆಯುವ ಕೋಲು ಎಲ್ಲ ಕಡೆಯೂ ಅಧಿಕಾರದ ಕೈಗೆ ಹತ್ತಿರವಾಗುತ್ತಿದೆ. ಚೀನಾದ ಲ್ಯಾವೋನಿಂಗ್ ಪ್ರಾಂತ 2011ರಿಂದ 2014ರವರೆಗೆ ತನ್ನ ಆರ್ಥಿಕ ಅಂಕಿಗಳನ್ನು ತಿರುಚಿದ್ದನ್ನು ಅಲ್ಲಿನ ಗವರ್ನರ್ 2017ರಲ್ಲಿ ಒಪ್ಪಿಕೊಂಡರು. 2023ರ ಜೂನಿನಲ್ಲಿ ಯುವ ನಿರುದ್ಯೋಗ ಶೇ 21 ದಾಟಿದಾಗ ಚೀನಾ ಆ ಅಂಕಿಯ ಪ್ರಕಟಣೆಯನ್ನೇ ಕೆಲವು ತಿಂಗಳು ನಿಲ್ಲಿಸಿತು. ಅಮೆರಿಕದಲ್ಲಿ 2025ರ ಆಗಸ್ಟ್ 1ರಂದು ಉದ್ಯೋಗದ ಅಂಕಿಗಳು ನಿರಾಸೆ ತಂದ ಕೂಡಲೇ ಅಧ್ಯಕ್ಷರು ಕಾರ್ಮಿಕ ಅಂಕಿಅಂಶಗಳ ಸಂಸ್ಥೆಯ ಮುಖ್ಯಸ್ಥರನ್ನು ವಜಾ ಮಾಡಿದರು. ನಮ್ಮಲ್ಲಿ 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲಿಲ್ಲ, ಮುಂದಿನ ಹಲವು ವರ್ಷವೂ ಆಗಲಿಲ್ಲ.

ಈ ಪದ ಮೂರು ಮಹಾಶಕ್ತಿಗಳ ಅಂಗಳದಲ್ಲಿ ಓಡಾಡಿ ತಂದ ತಿಳಿವಳಿಕೆ ಇಷ್ಟು. ಯೋಜನೆ ಮೇಲೋ ಮಾರುಕಟ್ಟೆ ಮೇಲೋ ಎಂಬ ಹಳೆಯ ಜಗಳದಿಂದ ದೇಶಗಳ ಏಳುಬೀಳು ಅರ್ಥವಾಗುವುದಿಲ್ಲ. ಯೋಜನೆ ಎಲ್ಲರೂ ಹಾಕಿದರು, ಕೆಲವರು ಹೆಸರಿಟ್ಟು, ಕೆಲವರು ಹೆಸರಿಡದೆ. ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ತಲುಪಿದ ಕಡೆ ಯೋಜನೆ ತಿದ್ದಿಕೊಂಡಿತು, ಅದನ್ನು ತಂದವನಿಗೆ ಶಿಕ್ಷೆಯಾದ ಕಡೆ ಜನ ಸತ್ತರು. ಶಾವ್‌ಗಾಂಗಿನ ಹೆಬ್ಬೆಟ್ಟುಗಳೂ ಪೆಂಗ್ ಅವರ ಪತ್ರವೂ ಒಂದೇ ದೇಶದ, ಒಂದೇ ಪಕ್ಷದ ಆಳ್ವಿಕೆಯ ಚರಿತ್ರೆ. ಒಂದನ್ನು ಕೇಳಿಸಿಕೊಂಡರು, ಒಂದನ್ನು ತುಳಿದರು.

ಆದ್ದರಿಂದ ಮುಂದೆ ಯಾರಾದರೂ ಯಾವುದೇ ‘ಯೋಜನೆ’ಯ ಹೆಸರಲ್ಲಿ ಬೆಳವಣಿಗೆಯ ಅಂಕಿಯನ್ನು ನಮ್ಮ ಮುಂದೆ ಹಿಡಿದರೆ, ಅದು ಬೀಜಿಂಗಿನದಾಗಲಿ, ವಾಷಿಂಗ್ಟನ್ನಿನದಾಗಲಿ, ದೆಹಲಿ ಅಥವಾ ವಿಧಾನಸೌಧದ್ದಾಗಲಿ, ಮೂರು ಪ್ರಶ್ನೆ ಕೇಳೋಣ. ಎಳೆಯುತ್ತಿರುವವರು ಯಾರು? ಎಷ್ಟು ದೂರ ಬಂದೆವು? ಆ ದೂರವನ್ನು ಅಳೆದವರಿಗೆ ನಿಜ ಹೇಳುವ ಸ್ವಾತಂತ್ರ್ಯ ಇದೆಯೇ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲೆರಡರ ಉತ್ತರವನ್ನು ನಂಬಬೇಡಿ. ಗಣತಿಯನ್ನು ಕಾಲಕಾಲಕ್ಕೆ ನಡೆಸಿ, ಅಂಕಿಗಳನ್ನು ಮುಚ್ಚಿಡಬೇಡಿ ಎಂದು ಆಳುವವರನ್ನು ಒತ್ತಾಯಿಸುವುದು ತಜ್ಞರಿಗೆ ಬಿಟ್ಟ ಕೆಲಸವಲ್ಲ, ಹೆಗಲು ಕೊಟ್ಟ ಪ್ರತಿಯೊಬ್ಬರ ಹಕ್ಕು.